ಕೆರೆದು ಬರೆದ ಹೆಸರು

ಈ ವರ್ಷದ ಫೆಬ್ರವರಿಯ ಕೊನೆಯ ಭಾನುವಾರ ಬೆಳಿಗ್ಗೆ, ಹರಿಹರದ ರೈಲ್ವೆ ಸ್ಟೇಷನ್ ಹಿಂದಿನ ಬೀದಿಯ ಮನೆಯೊಂದರಲ್ಲಿ, ಹುಬ್ಬಳ್ಳಿಯ ಹಲ್ಲಿನ ಡಾಕ್ಟರೊಬ್ಬರು ಹತ್ತಿಯುಂಡೆಯನ್ನು ಥಿನ್ನರ್‌ನಲ್ಲಿ ಅದ್ದಿ, ಹಳೆಯ ಮ್ಯಾಂಡೊಲಿನ್ ಒಂದರ ತಲೆಯ ಮೇಲಿದ್ದ ಬಂಗಾರ ಬಣ್ಣದ ಹೆಸರನ್ನು ಒರೆಸಿದರು. ವಾದ್ಯದ ಒಡೆಯ ರುದ್ರಪ್ಪ ಮಂಚದ ಮೇಲೆ ಕೂತು ನೋಡುತ್ತಿದ್ದರು. ಅವರ ಮಗಳು ಶೈಲಾ ಟಾರ್ಚ್ ಹಿಡಿದಿದ್ದಳು. ನಾನು ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದೆ.

ವರದಿಯಾದರೆ ಇಷ್ಟು ಸಾಕು. ಎಲ್ಲಿ, ಯಾವಾಗ, ಯಾರು, ಏನು ಎಲ್ಲ ಬಂದಿದೆ. ಆದರೆ ನಿನ್ನೆ ನಮ್ಮ ಮನೆಯ ಕಿಟಕಿಗಳಿಗೆ ಬಣ್ಣ ಹೊಡೆಯಲು ಬಂದವರು ಥಿನ್ನರ್ ಡಬ್ಬಿಯ ಮುಚ್ಚಳ ತೆಗೆದರು. ಆ ವಾಸನೆ ಮೂಗಿಗೆ ಬಂದದ್ದೇ ನಾನು ಓದುತ್ತಿದ್ದ ಪೇಪರನ್ನು ಮಡಚಿಟ್ಟು ಹೊರಗೆ ಹೋಗಿ ನಿಂತೆ. ಹೆಂಡತಿ, ‘ಏನಾತು, ತಲೆ ಸುತ್ತೇನು?’ ಎಂದಳು. ಹೌದು ಎಂದೆ. ‘ಯಾಕೆ’ ಎನ್ನುವುದನ್ನು ಮಾತ್ರ ಹೇಳಲಿಲ್ಲ. ನಿಮಗೆ ಹೇಳುತ್ತೇನೆ, ಸ್ವಲ್ಪ ನಿಧಾನವಾಗಿ.

ರುದ್ರಪ್ಪನವರನ್ನು ನಾನು ರುದ್ರಣ್ಣ ಎಂದು ಕರೆಯುತ್ತಿದ್ದೆ. ದಾವಣಗೆರೆಯ ಪತ್ರಿಕೆಯೊಂದರಲ್ಲಿ ಪ್ರೂಫ್ ನೋಡುವ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಒಂದು ವಠಾರದಲ್ಲಿ ಕೋಣೆ ಹಿಡಿದಿದ್ದೆ. ಗೋಡೆಯ ಆಚೆ ಬದಿ ಅವರ ಮನೆ. ಅವರು ಹತ್ತಿ ಮಿಲ್ಲಿನಲ್ಲಿ ನೂಲು ಸುತ್ತುವ ವೈಂಡಿಂಗ್ ಖಾತೆಯಲ್ಲಿದ್ದರು. ಪಾಳಿ ಮುಗಿಸಿ ಬರುವಾಗ ತಲೆಗೂದಲು, ಹುಬ್ಬು, ಕಿವಿಯ ಮೇಲಿನ ರೋಮ ಎಲ್ಲ ಹತ್ತಿಯ ನವಿರಿನಿಂದ ಬೆಳ್ಳಗಾಗಿರುತ್ತಿದ್ದವು. ಸ್ನಾನ ಮಾಡಿ ಬಂದಾಗ ಮತ್ತೆ ಕಪ್ಪಾಗುತ್ತಿದ್ದರು. ಪ್ರತಿ ಸಂಜೆ ಮುದುಕನಾಗಿ ಬಂದು ಹುಡುಗನಾಗುವ ಮನುಷ್ಯ ಎಂದು ನಾನು ತಮಾಷೆ ಮಾಡುತ್ತಿದ್ದೆ. ಆಮೇಲೆ ಗೋಡೆಯ ಮೊಳೆಯಿಂದ ಮ್ಯಾಂಡೊಲಿನ್ ಇಳಿಯುತ್ತಿತ್ತು. ಹಳೆಯ ಬಾಚಣಿಗೆಯ ಬೆನ್ನನ್ನು ಕತ್ತರಿಸಿ, ಜಗಲಿ ಕಲ್ಲಿಗೆ ಉಜ್ಜಿ, ತಂತಿ ಮೀಟುವ ಚೂರುಗಳನ್ನು ಅವರೇ ಮಾಡಿಕೊಳ್ಳುತ್ತಿದ್ದರು. ವಠಾರದಲ್ಲಿ ಯಾರ ಬಾಚಣಿಗೆ ಕಳೆದರೂ ಮೊದಲು ಅವರ ಮನೆಯ ಬಾಗಿಲು ತಟ್ಟುತ್ತಿದ್ದರು.

ನಾನೂ ಕೆಲವು ದಿನ ಕಲಿಯಲು ಕೂತೆ. ಎಂಟು ತಂತಿ, ಎರಡೆರಡರಂತೆ ನಾಲ್ಕು ಜೋಡಿ, ಒಂದು ಜೋಡಿಯನ್ನು ಒತ್ತಿದರೆ ಪಕ್ಕದ್ದು ಗೊರ ಗೊರ ಎನ್ನುತ್ತಿತ್ತು. ರುದ್ರಣ್ಣ ಮಂಡಕ್ಕಿ ತಿನ್ನುತ್ತ ಕೇಳುತ್ತಿದ್ದರು. ಒಂದು ಸಂಜೆ, ‘ಬ್ಯಾಡ ಬಿಡೋ. ನಿನ್ನ ಬೆರಳು ತಪ್ಪು ಹುಡ್ಕಾಕೆ ಹುಟ್ಟಿರಾದು. ತಂತಿ ಮ್ಯಾಲೂ ಬರೀ ತಪ್ಪೇ ಹುಡುಕ್ತಾವೆ ನೋಡು’ ಎಂದರು. ನನ್ನ ಸಂಗೀತಾಭ್ಯಾಸ ಅಲ್ಲಿಗೆ ಮುಗಿಯಿತು. ನೆರೆಹೊರೆಯವರು ಸಂತೋಷಪಟ್ಟರು.

ಆ ಮ್ಯಾಂಡೊಲಿನ್ ದಾವಣಗೆರೆಗೆ ಬಂದದ್ದು ಹೇಗೆ ಎಂಬುದಕ್ಕೆ ಖಚಿತ ದಾಖಲೆ ಇಲ್ಲ. ಎರಡು ಮಾತುಗಳಿವೆ. ಮಿಲ್ಲಿಗೆ ಯಂತ್ರ ಕೂರಿಸಲು ಬಂದಿದ್ದ ಪರದೇಶದ ಫಿಟ್ಟರ್ ಬಿಟ್ಟುಹೋದದ್ದು ಎಂಬುದು ಒಂದು. ಹರಿಹರ ಸ್ಟೇಷನ್ನಿನಲ್ಲಿದ್ದ ಗಾರ್ಡ್ ಒಬ್ಬರು ವರ್ಗವಾಗಿ ಹೋಗುವಾಗ ಸಾಮಾನು ಮಾರಿದರು, ಅದರಲ್ಲಿ ಬಂತು ಎಂಬುದು ಇನ್ನೊಂದು. ರುದ್ರಣ್ಣನ ಕೈಗೆ ಸಿಕ್ಕಿದ್ದು ಮಾತ್ರ ಹಳೇ ಊರಿನ ಗುಜರಿ ಅಂಗಡಿಯಲ್ಲಿ, ಒಡೆದ ಹೊಲಿಗೆ ಯಂತ್ರ ಮತ್ತು ತೂತು ಕೊಡಗಳ ನಡುವೆ. ಕಂದು ಬಣ್ಣ, ನಡುವೆ ಹಳದಿ, ಅಂಚಿಗೆ ಬರುತ್ತ ಕಪ್ಪು. ಮುತ್ತಿನ ಚಿಪ್ಪಿನ ಕೆಲಸ ಇಲ್ಲ, ಸುರುಳಿ ಇಲ್ಲ, ಬೆನ್ನು ಹಲಗೆಯಂತೆ ಚಪ್ಪಟೆ. ತಲೆಯ ಮೇಲೆ ಬೆಳ್ಳಿ ಬಣ್ಣದಲ್ಲಿ ಇಂಗ್ಲಿಷಿನ ಯಾವುದೋ ಒಂದು ಹೆಸರಿತ್ತು. ಊರಿನಲ್ಲಿ ಯಾರೂ ಕೇಳಿರದ ಹೆಸರು.

ತೊಂದರೆ ಶುರುವಾದದ್ದು ಅಲ್ಲಿಂದಲೇ. ನಮ್ಮ ಪೇಟೆಯಲ್ಲಿ ಕೇಳಿರದ ಹೆಸರಿಗೆ ಒಂದೇ ಅರ್ಥ: ಡೂಪ್ಲಿಕೇಟ್. ಬ್ಯಾಟರಿ, ಬ್ಲೇಡು, ಚಹಾಪುಡಿ, ಏನೇ ಆಗಲಿ, ಗಿರಾಕಿ ತಿರುಗಿಸಿ ಹೆಸರು ನೋಡಿ, ‘ಇದು ಬ್ಯಾಡ್ರಿ, ಒರಿಜಿನಲ್ ಕೊಡ್ರಿ’ ಎನ್ನುತ್ತಾನೆ. ನಾನು ದುಡಿಯುತ್ತಿದ್ದ ಪತ್ರಿಕೆಗೂ ಇದೇ ಗತಿ. ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಪತ್ರಿಕೆಯನ್ನು ಮುಂದೆ ಹಿಡಿದರೆ ಜನ, ‘ಇದಲ್ಲಪ್ಪ, ಪೇಪರ್ ಕೊಡು’ ಎನ್ನುತ್ತಿದ್ದರು. ಆದ್ದರಿಂದ ರುದ್ರಣ್ಣನ ಸಂಕಟ ನನಗೆ ಒಳಗಿನಿಂದಲೇ ತಿಳಿಯುತ್ತಿತ್ತು.

ಆ ಕಾಲಕ್ಕೆ ಮದುವೆ, ಗಣಪತಿ ಎಂದರೆ ಆರ್ಕೆಸ್ಟ್ರಾ ಇರಲೇಬೇಕು. ರುದ್ರಣ್ಣ ದಾವಣಗೆರೆಯ ತಂಡವೊಂದರಲ್ಲಿ ನುಡಿಸುತ್ತಿದ್ದರು. ಹದಡಿಯಲ್ಲಿ ಒಂದು ದೊಡ್ಡ ಮದುವೆಗೆ ಗಂಡಿನ ಕಡೆಯವರು ಅವರ ತಂಡವನ್ನೂ ಹೆಣ್ಣಿನ ಕಡೆಯವರು ಹರಿಹರದ ತಂಡವನ್ನೂ ಗೊತ್ತುಮಾಡಿದ್ದರು. ಹರಿಹರದ ತಂಡದ ಮ್ಯಾಂಡೊಲಿನ್‌ನವನು ಮುಂಬೈನಿಂದ ತಂದ ವಾದ್ಯ ಹಿಡಿದಿದ್ದ. ಅದರ ತಲೆಯ ಮೇಲೆ ಪ್ರಪಂಚಕ್ಕೆಲ್ಲ ಗೊತ್ತಿರುವ ಅಮೆರಿಕದ ದೊಡ್ಡ ಕಂಪನಿಯ ಹೆಸರಿತ್ತು. ಅವರ ಹಾಡುಗಾರ ಮೈಕ್ ಹಿಡಿದು, ‘ಮಹಾಜನಗಳೇ, ಬಲಗಡೆ ಒರಿಜಿನಲ್, ಎಡಗಡೆ ಡೂಪ್ಲಿಕೇಟ್. ಕೇಳಿ ನೀವೇ ಹೇಳ್ರಿ!’ ಎಂದ. ಚಪ್ಪರವೆಲ್ಲ ನಕ್ಕಿತು.

ರುದ್ರಣ್ಣ ತಂತಿ ಬಿಗಿದುಕೊಂಡರು. ನುಡಿಸಿದರು. ನನಗೆ ಸಂಗೀತ ಬಾರದು, ಆದ್ದರಿಂದ ಹೇಗಿತ್ತು ಎಂದು ಬರೆಯಲಾರೆ. ಊಟದ ಸಾಲಿನಲ್ಲಿ ಸಾರು ಬಡಿಸುತ್ತಿದ್ದವರು ಬಕೆಟ್ ಇಟ್ಟು ಬಂದು ನಿಂತದ್ದು ನೋಡಿದ್ದೇನೆ. ಮುಗಿದಾಗ ಹಿಂದಿನ ಸಾಲಿನಿಂದ ಯಾರೋ ಅಭಿಮಾನದಿಂದ, ‘ಡೂಪ್ಲಿಕೇಟ್ ರುದ್ರಣ್ಣಗೆ ಜೈ!’ ಎಂದು ಕೂಗಿದರು. ಎಲ್ಲರೂ ಕೂಗಿದರು. ಬೈಗುಳದಿಂದ ಬಂದ ಹೆಸರಾಗಿದ್ದರೆ ಉಜ್ಜಿದರೆ ಹೋಗುತ್ತಿತ್ತೇನೋ. ಇದು ಪ್ರೀತಿಯಿಂದ ಬಂತು, ಹೋಗಲಿಲ್ಲ.

ಮರುವಾರ ರುದ್ರಣ್ಣ ಮ್ಯಾಂಡೊಲಿನ್ ಅನ್ನು ಟವೆಲಿನಲ್ಲಿ ಸುತ್ತಿಕೊಂಡು ಬಾಷಾಸಾಬರ ಹತ್ತಿರ ಹೋದರು. ನಾನೂ ಜೊತೆಗಿದ್ದೆ. ಬಾಷಾಸಾಬ್ ಮಂಡಿಪೇಟೆಯಲ್ಲಿ ಅಂಗಡಿ ಬೋರ್ಡುಗಳನ್ನು ಬರೆಯುವವರು. ಆ ದೊಡ್ಡ ಕಂಪನಿಯ ಹೆಸರನ್ನು ರುದ್ರಣ್ಣ ಸಿಗರೇಟ್ ಪ್ಯಾಕಿನ ಹಿಂದೆ ಯಾರಿಂದಲೋ ಬರೆಸಿಕೊಂಡು ತಂದಿದ್ದರು.

‘ಇದನ್ನ ಬಂಗಾರದ ಬಣ್ಣದಾಗೆ ಬರೀರಿ ಸಾಬ್ರೇ.’

‘ಬರೀಬೋದು. ಹಳೇದು ಕೆರೀಬೇಕು ಮೊದ್ಲು.’

‘ಕೆರೀದೇ ಬರೆಯಾಕಾಗಲ್ಲೇನು?’

‘ಕೆರೀದೆ ಬರೆದ್ರೆ ಆರೇ ತಿಂಗ್ಳಿಗೆ ಹಳೇದು ಇಣುಕ್ತೈತೆ, ರುದ್ರಣ್ಣ. ಕಿರಾಣಿ ಅಂಗಡಿ ಮ್ಯಾಲೆ ಸಲೂನ್ ಹೆಸರು ಕಂಡಂಗೆ. ಬೋರ್ಡ್ ಆದ್ರೇನು, ಬಾಜಾ ಆದ್ರೇನು, ಕೆಲಸ ಕೆಲಸಾನೇ.’

ಹಾಗೆ ಹೇಳಿ ಉಪ್ಪು ಕಾಗದ ತೆಗೆದುಕೊಂಡು, ಬೆಳ್ಳಿಯ ಹೆಸರು ಪುಡಿಯಾಗಿ ಉದುರುವವರೆಗೆ ಉಜ್ಜಿದರು. ಊದಿದರು. ಮತ್ತೆ ಉಜ್ಜಿದರು. ಅವರದು ನೇರ್ಪಾದ ಕೆಲಸ, ಅರ್ಧಂಬರ್ಧ ಮಾಡುವವರಲ್ಲ. ಆಮೇಲೆ ಕಪ್ಪು ಹಚ್ಚಿ, ಒಣಗಿಸಿ, ಬಂಗಾರದ ಬಣ್ಣದಲ್ಲಿ ದೊಡ್ಡ ಕಂಪನಿಯ ಹೆಸರು ಬರೆದರು. ಇಂಗ್ಲಿಷ್ ಅಕ್ಷರಗಳನ್ನು ಅವರು ಹೂವಿನ ಚಿತ್ರ ಬರೆದಂತೆ ಬರೆಯುತ್ತಿದ್ದರು. ನಡುವಿನ ಒಂದು ಅಕ್ಷರ ಎರಡು ಸಲ ಬಂತು. ನಾನು ಪ್ರೂಫ್ ನೋಡುವವನು, ಸುಮ್ಮನಿರಲು ಬರುವುದಿಲ್ಲ. ಅಲ್ಲೇ ಹೇಳಿದೆ. ರುದ್ರಣ್ಣ ನನ್ನನ್ನು ನೋಡಿ, ‘ಒಂದಕ್ಷರ ಹೆಚ್ಚಿಗೆ ಕೊಟ್ಟಾರೆ, ಕಮ್ಮಿ ಏನಲ್ಲ. ನಡೀ’ ಎಂದರು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಓದಲು ಬರುವವರು ಊರಲ್ಲಿ ಇದ್ದರು. ಕೆಲವೇ ದಿನಕ್ಕೆ, ‘ಈಗ ಡಬಲ್ ಡೂಪ್ಲಿಕೇಟ್’ ಎಂಬ ಮಾತು ಹುಟ್ಟಿತು.

ಮಿಲ್ಲು ಮುಚ್ಚಿತು. ಆರ್ಕೆಸ್ಟ್ರಾಗಳ ಜಾಗಕ್ಕೆ ಡಿಜೆ ಡಬ್ಬಗಳು ಬಂದವು. ರುದ್ರಣ್ಣ ಹರಿಹರಕ್ಕೆ ಹೋಗಿ ಅಲ್ಲಿನ ಕಾರ್ಖಾನೆಯೊಂದರ ಗೇಟಿನಲ್ಲಿ ವಾಚ್‌ಮನ್ ಆದರು. ಹೆಸರು ಅವರಿಗಿಂತ ಮೊದಲೇ ಬಸ್ಸು ಹತ್ತಿ ಅಲ್ಲಿಗೆ ಹೋಗಿತ್ತು. ಕೊಂಡಜ್ಜಿಯಲ್ಲಿ ಸ್ಕೌಟ್ ಮಕ್ಕಳ ಶಿಬಿರ ನಡೆದಾಗ ಬೆಂಕಿಯ ಸುತ್ತ ಹಾಡಲು ಅವರನ್ನು ಕರೆಯುತ್ತಿದ್ದರು. ಮಕ್ಕಳು ಮುಗ್ಧವಾಗಿ, ‘ಡೂಪ್ಲಿಕೇಟ್ ಸರ್, ಇನ್ನೊಂದು’ ಎನ್ನುತ್ತಿದ್ದರಂತೆ. ಶೈಲಾಳ ಮದುವೆಗೆ ಹೆಣ್ಣು ನೋಡಲು ಬಂದವರು, ‘ಡೂಪ್ಲಿಕೇಟ್ ರುದ್ರಣ್ಣನ ಮನೆ ಯಾವುದು’ ಎಂದು ವಿಚಾರಿಸಿಕೊಂಡೇ ಬಂದರು. ಆ ಸಂಬಂಧ ಕೂಡಿಬರಲಿಲ್ಲ. ಕಾರಣ ಬೇರೆ ಇರಬಹುದು. ರುದ್ರಣ್ಣ ಇದೇ ಕಾರಣ ಎಂದು ನಂಬಿದರು, ಮತ್ತೆ ಯಾರಿಗೂ ಅವರ ಮನಸ್ಸನ್ನು ಬದಲಿಸಲಾಗಲಿಲ್ಲ. ಶೈಲಾ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು, ಅಪ್ಪನ ಜೊತೆಯೇ ಉಳಿದಳು.

ಕಳೆದ ವರ್ಷ ರುದ್ರಣ್ಣನಿಗೆ ಲಕ್ವಾ ಹೊಡೆದು ಎಡಗೈ ಬಿದ್ದುಹೋಯಿತು. ನೋಡಲು ಹೋಗಿದ್ದೆ. ಬಲಗೈಯಲ್ಲಿ ಬಾಚಣಿಗೆಯ ಚೂರು ಹಿಡಿದು ತೆರೆದ ತಂತಿಗಳನ್ನು ಸುಮ್ಮನೆ ಮೀಟುತ್ತಿದ್ದರು. ಒಂದೇ ಸ್ವರ, ಮತ್ತದೇ. ಅಡುಗೆಮನೆಯಲ್ಲಿ ಶೈಲಾ ನನಗೆ ಹೇಳಿದಳು: ‘ಅಣ್ಣ, ಅಪ್ಪಗೆ ಸಾಯಾದ್ರ ಚಿಂತಿ ಇಲ್ಲ. ಡೂಪ್ಲಿಕೇಟ್ ಅನ್ನಿಸ್ಕಂಡೇ ಹೋಗ್ತೀನಲ್ಲ ಅಂತಾನೆ ಚಿಂತಿ. ಯಾರಾರ ದೊಡ್ಡೋರು ಬಂದು, ಇದು ಒರಿಜಿನಲ್ ಐತೆ ಅಂದ್ರೆ ಸಾಕಿತ್ತು.’

ಅವಳೇ ಮ್ಯಾಂಡೊಲಿನ್‌ನ ಫೋಟೋ ತೆಗೆದು, ಹಳೆಯ ವಾದ್ಯ ಕೂಡಿಡುವವರ ಗುಂಪೊಂದನ್ನು ಫೋನಿನಲ್ಲಿ ಹುಡುಕಿ ಹಾಕಿದಳು. ಹುಬ್ಬಳ್ಳಿಯ ಡಾಕ್ಟರು ಅದನ್ನು ನೋಡಿ, ತಲೆಯ ಮೇಲಿನ ಹೆಸರನ್ನು ಲೆಕ್ಕಿಸದೆ, ಹಿಂಬದಿಯ ಫೋಟೋ ಕಳಿಸಿ ಎಂದರು. ಆಮೇಲೆ, ಬರುತ್ತೇನೆ ಎಂದರು.

ಅವರು ಸೌಮ್ಯ ಮನುಷ್ಯ. ಹಲ್ಲು ನೋಡುವ ಪುಟ್ಟ ಕನ್ನಡಿಯನ್ನೇ ಜೇಬಿನಿಂದ ತೆಗೆದು, ವಾದ್ಯದ ಎದೆಯ ಸೀಳಿನೊಳಗೆ ಇಳಿಸಿ, ಟಾರ್ಚಿನ ಬೆಳಕಿನಲ್ಲಿ ಬಹಳ ಹೊತ್ತು ನೋಡಿದರು. ರುದ್ರಣ್ಣ ತಮ್ಮದೇ ಹಲ್ಲು ನೋಡುತ್ತಿದ್ದಾರೆ ಎನ್ನುವಂತೆ ಬಾಯಿ ತೆರೆದು ಕೂತಿದ್ದರು. ಒಳಗೆ ಬೆನ್ನಿನ ಹಲಗೆಯ ಮೇಲೆ ಮಸಿಯಲ್ಲಿ ಒತ್ತಿದ ಅಂಕಿಗಳು ಸಿಕ್ಕವು. ಡಾಕ್ಟರ ಮುಖ ಅರಳಿತು.

ಅವರು ವಿವರಿಸಿದ್ದು ಇಷ್ಟು. ಅಮೆರಿಕದಲ್ಲಿ ಒಮ್ಮೆ ಜನರ ಕೈಯಲ್ಲಿ ಕಾಸಿಲ್ಲದ ಕಾಲ ಬಂತು. ದೊಡ್ಡ ಕಂಪನಿಗಳು ಅಗ್ಗದ ವಾದ್ಯಗಳ ಸಾಲೊಂದನ್ನು ಶುರುಮಾಡಿದವು. ಅದೇ ಕಾರ್ಖಾನೆ, ಅದೇ ಕೆಲಸಗಾರರು, ಅಲಂಕಾರ ಮಾತ್ರ ಕಡಿಮೆ. ತಮ್ಮ ದೊಡ್ಡ ಹೆಸರಿಗೆ ಕುಂದು ಬರಬಾರದೆಂದು ಅವುಗಳ ತಲೆಯ ಮೇಲೆ ಬೇರೆ ಹೆಸರು ಹಾಕಿ ಮಾರಿದವು. ದುಬಾರಿ ವಾದ್ಯಗಳು ಮಖಮಲ್ಲಿನ ಪೆಟ್ಟಿಗೆಯಲ್ಲಿ ಮಲಗಿ ಉಳಿದುಕೊಂಡವು. ಅಗ್ಗದವನ್ನು ಜನ ನುಡಿಸಿದರು, ಬೀಳಿಸಿದರು, ಒಡೆದಾಗ ಒಲೆಗೆ ಹಾಕಿದರು. ಅದಕ್ಕೇ ಈಗ ಅಗ್ಗದವೇ ಅಪರೂಪ.

‘ನಮ್ಮಂಥವರಿಗೆ ಇದರ ಮ್ಯಾಲೇ ಜೀವರಿ. ಯಾರೋ ದುಡಿಯೋ ಮನಶಾ ದಿನಾ ನುಡಿಸಿದ್ದು ಇದು. ಕುತಗಿ ಹೆಂಗ ಸವದೇತಿ ನೋಡ್ರಿ’ ಎಂದು ಡಾಕ್ಟರು ಹೆಬ್ಬೆರಳಿನಿಂದ ಸವರಿದರು. ‘ನಿಮ್ಮ ಮ್ಯಾಂಡೊಲಿನ್ ಅದೇ ದೊಡ್ಡ ಕಂಪನೀದು, ಅವರದ ಅಗ್ಗದ ಸಾಲಿನದು.’

ಅಂದರೆ ಬಾಷಾಸಾಬ್ ಬರೆದ ಹೆಸರು, ಒಂದಕ್ಷರ ಹೆಚ್ಚಿದ್ದರೂ, ಮಾಡಿದವರ ಹೆಸರೇ ಆಗಿತ್ತು. ಅದು ಆ ಕೋಣೆಯಲ್ಲಿ ಮೊದಲು ಹೊಳೆದದ್ದು ಶೈಲಾಳಿಗೆ. ಅವಳು ಜೋರಾಗಿ ನಕ್ಕಳು. ‘ಅಪ್ಪಾ, ಸಾಬ್ರು ಸುಳ್ಳು ಬರೆದಿಲ್ಲಂತೆ!’

ಡಾಕ್ಟರು ನಗಲಿಲ್ಲ. ಅಗ್ಗದ ಸಾಲಿನ ತಲೆಯ ಮೇಲೆ ದೊಡ್ಡ ಹೆಸರಿದ್ದರೆ ಸಂಗ್ರಾಹಕರ ಲೆಕ್ಕದಲ್ಲಿ ಅದೇ ನಕಲಿ ಎಂದರು. ಅಡಿಯಲ್ಲಿ ಮೂಲ ಹೆಸರಿರಬೇಕು. ಆ ಕಂಪನಿ ಇಂಥ ಎರಡು ಮೂರು ಹೆಸರುಗಳನ್ನು ಬಳಸಿತ್ತು, ಅದರಲ್ಲಿ ಒಂದು ಬಹಳ ವಿರಳ. ಈ ಬಣ್ಣ ತೆಗೆದು ನೋಡಲೇ ಎಂದು ಕೇಳಿದರು. ರುದ್ರಣ್ಣ ಆ ಬಂಗಾರದ ಅಕ್ಷರಗಳನ್ನು ಒಮ್ಮೆ ಮುಟ್ಟಿ, ‘ತೆಗೀರಿ’ ಎಂದರು.

ನಾನು ಬಾಷಾಸಾಬರ ಉಪ್ಪು ಕಾಗದದ ಮಾತು ಹೇಳಿದೆ. ಡಾಕ್ಟರು, ‘ಏನರ ಒಂದೀಟು ಉಳದಿರತೇತ್ರಿ, ಒಂದು ಗೆರಿ ಸಿಕ್ಕರೂ ಸಾಕು’ ಎಂದರು. ಕೋಣೆಯಲ್ಲಿ ಥಿನ್ನರ್ ವಾಸನೆ ತುಂಬಿತು. ಬಂಗಾರ ಹತ್ತಿಗೆ ಬಂತು. ಕಪ್ಪು ಬಂತು. ಆಮೇಲೆ ಮರ ಬಂತು, ಬೋಳಾಗಿ, ಮಾಸಿದ ಅರಿಶಿನದ ಬಣ್ಣಕ್ಕೆ.

‘ಇಲ್ರಿ. ಕಟಗೀನ ಬಂತು.’

‘ಇನ್ನೊಂದೀಟು ಒರೆಸ್ರಿ’ ಎಂದರು ರುದ್ರಣ್ಣ.

ಒರೆಸಿದರು. ಟಾರ್ಚನ್ನು ಓರೆಯಾಗಿ ಹಿಡಿಸಿ ನೋಡಿದರು. ಮೊದಲು ಏನೆಂದು ಬರೆದಿತ್ತು, ನೆನಪಿದೆಯೇ ಎಂದು ಕೇಳಿದರು. ರುದ್ರಣ್ಣ ಕಣ್ಣು ಮುಚ್ಚಿದರು. ‘ನಂಗೆ ಓದಾಕೆ ಬರ್ತಿರ್ಲಿಲ್ರಿ. ಬೆಳ್ಳಿ ಬಣ್ಣ. ಕಡೇ ಅಕ್ಷರ ಹಕ್ಕಿ ರೆಕ್ಕಿ ಹಂಗೆ ಮ್ಯಾಲಕ್ಕೆ ಎದ್ದಿತ್ತು.’ ಡಾಕ್ಟರು ನನ್ನ ಕಡೆ ತಿರುಗಿದರು. ಆ ಹೆಸರನ್ನು ನಾನು ಬಹಳ ದಿನ ಕಣ್ಣೆದುರೇ ನೋಡಿದ್ದೆ. ಅದರಲ್ಲಿ ತಪ್ಪಿದ್ದಿದ್ದರೆ ನೆನಪಿರುತ್ತಿತ್ತು. ಸರಿಯಾಗಿ ಬರೆದದ್ದು ನನ್ನ ತಲೆಯಲ್ಲಿ ನಿಲ್ಲುವುದಿಲ್ಲ.

‘ಹಂಗಾದ್ರೆ ಇದು ಡೂಪ್ಲಿಕೇಟೇನ್ರಿ?’ ರುದ್ರಣ್ಣ ಕೇಳಿದರು.

‘ಛೇ ಛೇ, ಅಲ್ರಿ. ಒಳಗಿನ ನಂಬರ ನೋಡೇನಲ್ಲ. ಒರಿಜಿನಲ್ ಇತ್ರಿ.’

‘ಇತ್ತು ಅಂದ್ರೇನ್ರಿ? ಐತೆ ಅನ್ರಿ.’

ಡಾಕ್ಟರು ಥಿನ್ನರ್ ಸೀಸೆಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದರು. ‘ಯಜಮಾನ್ರ, ನಮ್ಮ ಮಂದ್ಯಾಗ ಹಂಗ ಅನ್ನಂಗಿಲ್ರಿ. ತಲಿ ಮ್ಯಾಲಿನ ಹೆಸರು ಹೋದ್ರ, ಇತ್ತು ಅಂತೇವಿ.’

‘ಬಾಯಲ್ಲಿ ಒಂದ್ಸಲ ಅಂದ್ಬಿಡ್ರಿ ಸರ್. ಏನೂ ಹೋಗಲ್ಲ’ ಎಂದಳು ಶೈಲಾ. ಅವಳ ಕೈಯ ಟಾರ್ಚ್ ಇನ್ನೂ ಉರಿಯುತ್ತಿತ್ತು.

ಡಾಕ್ಟರು ಕೂಡಲೇ ರುದ್ರಣ್ಣನ ಕಡೆ ಬಾಗಿ, ‘ಐತ್ರಿ. ಒರಿಜಿನಲ್ಲೇ ಐತ್ರಿ’ ಎಂದರು.

ರುದ್ರಣ್ಣ ನಕ್ಕರು. ‘ಬಿಡ್ರಿ. ಹಲ್ಲು ಕೀಳಾಕೆ ಮುಂಚೆ, ನೋವಾಗಲ್ಲ ಅಂತೀರಲ್ಲ, ಹಂಗಾತು.’

ಡಾಕ್ಟರು ಚಹಾ ಕುಡಿದು, ಮ್ಯಾಂಡೊಲಿನ್ ಅನ್ನು ತಾವೇ ಗೋಡೆಯ ಮೊಳೆಗೆ ತೂಗಿಹಾಕಿ ಹೋದರು. ಥಿನ್ನರ್ ಸೀಸೆ ಕಿಟಕಿಯಲ್ಲೇ ಮರೆತುಹೋಯಿತು.

ನಾನು ಇಡೀ ಕೆಲಸದ ಜೀವನ ‘ಇದೆ’ ಎಂಬುದನ್ನು ಹೊಡೆದು ‘ಇತ್ತು’ ಎಂದು ತಿದ್ದಿದವನು. ಸುದ್ದಿ ಅಚ್ಚಾಗುವ ಹೊತ್ತಿಗೆ ಎಲ್ಲವೂ ಆಗಿಹೋಗಿರುತ್ತದೆ, ಅದಕ್ಕೇ ಹಾಗೆ ಬರೆಯಬೇಕು ಎಂದು ಹೊಸಬರಿಗೆ ಪಾಠ ಹೇಳಿದ್ದೇನೆ. ಆ ದಿನ ಹರಿಹರದಿಂದ ಬಸ್ಸಿನಲ್ಲಿ ಬರುವಾಗ ಆ ಪಾಠ ನನಗೆ ಹಿತವಾಗಲಿಲ್ಲ.

ರುದ್ರಣ್ಣ ಆಮೇಲೆ ಬಾಚಣಿಗೆಯ ಚೂರನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಶೈಲಾ ವಾದ್ಯವನ್ನು ತೊಡೆಯ ಮೇಲೆ ತಂದಿಟ್ಟರೆ, ‘ತಲೀ ಬೋಳು ಕಾಣ್ತೈತೆ, ಆ ಕಡೆ ತಿರುಗ್ಸು’ ಎನ್ನುತ್ತಿದ್ದರಂತೆ. ಮೇ ತಿಂಗಳಲ್ಲಿ ಮತ್ತೊಮ್ಮೆ ಲಕ್ವಾ ಹೊಡೆಯಿತು. ಎರಡು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು.

ನಮ್ಮ ಪತ್ರಿಕೆಗೆ ನಾನೇ ನಿಧನ ಸುದ್ದಿ ಬರೆದುಕೊಟ್ಟೆ. ‘ಮ್ಯಾಂಡೊಲಿನ್ ವಾದಕ ರುದ್ರಪ್ಪ’ ಎಂದು ಬರೆದೆ, ಅಡ್ಡಹೆಸರು ಹಾಕಲಿಲ್ಲ. ಬೆಳಿಗ್ಗೆ ಓದಿದ ಹಳೆಯ ಪರಿಚಯದವರು ಫೋನ್ ಮಾಡಿ, ‘ಯಾವ ರುದ್ರಪ್ಪರಿ?’ ಎಂದು ಕೇಳಿದರು. ಹೇಗೆ ಹೇಳಿದರೂ ಅವರಿಗೆ ಗುರುತು ಹತ್ತಲಿಲ್ಲ. ಕೊನೆಗೆ ಆ ಪದ ಹೇಳಿದೆ. ‘ಅಯ್ಯೋ, ನಮ್ಮ ಡೂಪ್ಲಿಕೇಟ್ ರುದ್ರಣ್ಣನಾ!’ ಎಂದರು.

ಹಳೆಯ ಆರ್ಕೆಸ್ಟ್ರಾದ ಗೆಳೆಯರು ಸೇರಿ ಹರಿಹರದಲ್ಲಿ ರುದ್ರಣ್ಣನ ಬೀದಿಯ ಮೂಲೆಯಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿಸಿದರು. ಹದಡಿಯ ಮದುವೆ ಆದ ಮೇಲಿನ ಯಾವುದೋ ಕಾರ್ಯಕ್ರಮದ ಫೋಟೋ. ರುದ್ರಣ್ಣ ತುಂಬುಗೂದಲಿನ ತಲೆ ಬಾಗಿಸಿ ನುಡಿಸುತ್ತಿದ್ದಾರೆ. ಮ್ಯಾಂಡೊಲಿನ್‌ನ ತಲೆಯ ಮೇಲೆ ಬಂಗಾರದ ಹೆಸರು, ಎರಡು ಸಲ ಬಂದ ಅಕ್ಷರದೊಂದಿಗೆ. ಕೆಳಗೆ ದಪ್ಪ ಕೆಂಪು ಅಕ್ಷರದಲ್ಲಿ: ‘ಡೂಪ್ಲಿಕೇಟ್ ರುದ್ರಣ್ಣ, ಮತ್ತೆ ಹುಟ್ಟಿ ಬಾ.’ ಶೈಲಾ ಹೋಗಿ ಆ ಒಂದು ಪದ ಬೇಡ ಎಂದಳು. ತಬಲಾದವರು ಕಣ್ಣೊರೆಸಿಕೊಳ್ಳುತ್ತ, ‘ಹಂಗ್ ಬರೆದ್ರೇ ತಾನೇ ತಾಯಿ ಮಂದಿಗೆ ಗೊತ್ತಾಗಾದು. ನಮ್ದು ಪ್ರೀತಿ ಅಲ್ಲೇನವ್ವ?’ ಎಂದರು. ಅವಳು ಮನೆಗೆ ವಾಪಸ್ ಬಂದಳು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ, ಮಧ್ಯಾಹ್ನದ ಬಿಸಿಲಲ್ಲಿ, ಅವಳು ಮನೆಯಿಂದ ಸ್ಟೂಲು, ಹತ್ತಿ ಮತ್ತು ಡಾಕ್ಟರು ಮರೆತುಹೋದ ಸೀಸೆ ತಂದಳು. ಸ್ಟೂಲನ್ನು ನಾನು ಹಿಡಿದುಕೊಂಡೆ. ಫ್ಲೆಕ್ಸಿನ ಕೆಂಪು ಬಣ್ಣ ಥಿನ್ನರ್‌ಗೆ ಸುಲಭವಾಗಿ ಬಿಟ್ಟಿತು, ಅವಳ ಮಣಿಕಟ್ಟಿನವರೆಗೆ ಇಳಿಯಿತು.

ಮೊನ್ನೆ ಕೆಲಸದ ಮೇಲೆ ಹರಿಹರಕ್ಕೆ ಹೋಗಿದ್ದೆ. ಫ್ಲೆಕ್ಸ್ ಇನ್ನೂ ಅಲ್ಲೇ ಇದೆ. ಮಳೆಗೆ ಕೆಳಗಿನ ಅಂಚು ಹರಿದಿದೆ. ‘ರುದ್ರಣ್ಣ’ ಎಂಬುದರ ಎಡಗಡೆ ಒಂದು ಪದದಷ್ಟು ಜಾಗ ಬಿಳಿಯಾಗಿದೆ.